ಜರ್ಮನ್ ಕುಲನಾಮಗಳು: ಮೂಲ ಮತ್ತು ಅರ್ಥ

ಬೆಂಗಳೂರು: ಬಿಟಿಎಂ ಲೇಔಟ್ ಎಂಬ ಹೆಸರು ಬೈರಸಂದ್ರ, ತಾವರೆಕೆರೆ, ಮಡಿವಾಳಗಳ ಇಂಗ್ಲಿಷ್ ಮೊದಲಕ್ಷರಗಳಿಂದ ಆದುದು. ಇಲ್ಲಿನ ಮೈಕೋ ಲೇಔಟ್ ಹೆಸರಿನ ಹಿಂದೆ ಇರುವುದು 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ. ಅದು 2008ರಲ್ಲಿ ಬಾಷ್ ಲಿಮಿಟೆಡ್ ಆಯಿತು. ಬಡಾವಣೆಯ ಹೆಸರು ಮಾತ್ರ ಹಾಗೆಯೇ ಉಳಿಯಿತು. ಬಾಷ್ ಎಂಬುದು ಮೂಲ ಕಂಪನಿಯ ಸಂಸ್ಥಾಪಕ, 1861ರಲ್ಲಿ ಜನಿಸಿದ ರಾಬರ್ಟ್ ಬಾಷ್ ಅವರ ಕುಲನಾಮ. ಪೊದೆ ಎಂಬರ್ಥದ ಹಳೆಯ ಜರ್ಮನ್ ಪದವೇ ಅದರ ಮೂಲವೆನ್ನಲಾಗುತ್ತದೆ.

ಸುಮಾರು 12ನೇ ಶತಮಾನದಿಂದ ಜರ್ಮನ್ ನಗರಗಳಲ್ಲಿ ಕುಲನಾಮಗಳು ಬಳಕೆಗೆ ಬಂದವು. ಊರು ಬೆಳೆದಂತೆ ಒಂದೇ ಹೆಸರಿನವರು ಹೆಚ್ಚಾಗಿ, ತೆರಿಗೆ ಮತ್ತು ಆಸ್ತಿಯ ದಾಖಲೆಗಳಿಗೆ ಎರಡನೆಯ ಹೆಸರು ಬೇಕಾಯಿತು. ಕಸುಬೇ ಮುಖ್ಯ ಆಕರ. ಜರ್ಮನಿಯಲ್ಲಿ ಅತಿ ಹೆಚ್ಚು ಮಂದಿಗಿರುವ ಮ್ಯುಲರ್ ಎಂದರೆ ಹಿಟ್ಟಿನ ಗಿರಣಿಯವನು; ಶ್ಮಿಟ್ ಕಮ್ಮಾರ, ಶ್ನೈಡರ್ ದರ್ಜಿ, ಫಿಶರ್ ಮೀನುಗಾರ. ನಮ್ಮ ಉತ್ತರ ಕರ್ನಾಟಕದ ಬಡಿಗೇರ, ಕಮ್ಮಾರ, ಕುಂಬಾರ ಎಂಬ ಅಡ್ಡಹೆಸರುಗಳ ಜಾಡೂ ಇದೇ. ಮೆಣಸಿನಕಾಯಿ, ಉಳ್ಳಾಗಡ್ಡಿಗಳಂತೆ ಜರ್ಮನರಲ್ಲೂ ಕೋಲ್, ಅಂದರೆ ಎಲೆಕೋಸು, ಎಂಬ ಕುಲನಾಮವಿದೆ! ಹಳೆ ಮೈಸೂರಿನವರಾದರೋ ಊರು ಹಾಗೂ ತಂದೆಯ ಹೆಸರನ್ನು ಇನಿಷಿಯಲ್ ಆಗಿಸಿದರು. ತಲೆಮಾರಿಗೊಮ್ಮೆ ಬದಲಾಗುವ ಈ ಅಕ್ಷರಗಳು ಪಾಸ್‌ಪೋರ್ಟ್ ಅರ್ಜಿಯ ಕುಲನಾಮದ ಅಂಕಣದ ಮುಂದೆ ತಬ್ಬಿಬ್ಬಾಗಿಸುವುದುಂಟು.

ತೊಟ್ಟ ಉಡುಪೂ ಹೆಸರಾದೀತು. ಕನ್ನಡ–ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಪ್ರಕಟಿಸಿದ ಫರ್ಡಿನಾಂಡ್ ಕಿಟೆಲ್ ಅವರ ಕುಲನಾಮಕ್ಕೆ ಸಡಿಲವಾದ ಮೇಲಂಗಿ ಎಂದರ್ಥ. ವೈದ್ಯರ ಬಿಳಿ ಕೋಟನ್ನು ಜರ್ಮನರು ಇಂದಿಗೂ ಕಿಟೆಲ್ ಎನ್ನುತ್ತಾರೆ.

ಯೆಹೂದ್ಯರ ಪಾಲಿಗೆ ಕುಲನಾಮ ಸ್ವಇಚ್ಛೆಯದಾಗಿರಲಿಲ್ಲ. ಸ್ಥಿರವಾದ ಜರ್ಮನ್ ಕುಲನಾಮ ಕಡ್ಡಾಯವೆಂದು ಆಸ್ಟ್ರಿಯದ ಎರಡನೇ ಜೋಸೆಫ್ 1787ರಲ್ಲಿ ಆಜ್ಞಾಪಿಸಿದ. 1812ರಲ್ಲಿ ಪ್ರಶ್ಯವೂ ಅದನ್ನೇ ವಿಧಿಸಿತು. ಹೀಗೆ ದಾಖಲೆಗೇರಿದ ಹೆಸರುಗಳಲ್ಲಿ ಹಲವು ಊರುಗಳವು. ಆದರೂ 1938ರಲ್ಲಿ ನಾಜಿ ಆಡಳಿತಕ್ಕೆ ಅಷ್ಟು ಸಾಲಲಿಲ್ಲ. ಯೆಹೂದ್ಯರೆಂದು ಹೆಸರಿನಿಂದಲೇ ಗುರುತಾಗದ ಪುರುಷರು ಇಸ್ರೇಲ್, ಸ್ತ್ರೀಯರು ಸಾರಾ ಎಂದು ಸೇರಿಸಿಕೊಳ್ಳಬೇಕೆಂದು ಅದು ಕಟ್ಟಳೆ ಹೊರಡಿಸಿತು.

ಅದಕ್ಕೂ ಮೊದಲೇ, 1933ರಲ್ಲಿ, ಯೆಹೂದ್ಯ ಮೂಲದ ವಾಸ್ತುಶಿಲ್ಪಿ ಆಟೋ ಕೋನಿಗ್ಸ್‌ಬರ್ಗರ್ ಜರ್ಮನಿ ತೊರೆದಿದ್ದರು. 1939ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಲವು ಕಟ್ಟಡಗಳನ್ನು ರೂಪಿಸಿದರು. ಅವರ ಕುಲನಾಮದ ಅರ್ಥ ಕೋನಿಗ್ಸ್‌ಬರ್ಗ್ ಊರಿನವನು ಎಂದು; ಆ ಊರ ಹೆಸರಿಗೆ ರಾಜನ ಬೆಟ್ಟವೆಂದು. ಆ ಹೆಸರಿನ ಅತಿ ಪ್ರಸಿದ್ಧ ನಗರ ಎರಡನೇ ಮಹಾಯುದ್ಧದ ನಂತರ ಸೋವಿಯತ್ ಒಕ್ಕೂಟದ ಪಾಲಾಯಿತು. 1946ರಲ್ಲಿ ಕಲಿನಿನ್‌ಗ್ರಾಡ್ ಎಂದು ಹೆಸರು ಬದಲಾಯಿತು.