ಸದ್ದೋ, ಸುದ್ದಿಯೋ?

ಸದ್ದು ಬೇರೆ, ಸುದ್ದಿ ಬೇರೆ. ಹೇಳೋಕೆ ಸುಲಭ. ಎರಡೂ ಒಂದೇ ತಂತಿಯಲ್ಲಿ ಬಂದಾಗ ಬೇರ್ಪಡಿಸೋದು ಹೇಗೆ? ಈ ಪ್ರಶ್ನೆಗೆ ನಾನು ಕಂಡ ಅತ್ಯುತ್ತಮ ಉತ್ತರ ಇರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ, ಹೋಲ್ಮ್‌ಡೆಲ್ ಎಂಬ ಊರಿನ ಗುಡ್ಡದ ಮೇಲೆ ನಡೆದ ಒಂದು ರಿಪೇರಿಯ ಕಥೆಯಲ್ಲಿ.

ಆ ಗುಡ್ಡದ ಮೇಲೆ ಬೆಲ್ ಟೆಲಿಫೋನ್ ಪ್ರಯೋಗಾಲಯ 1959ರಲ್ಲಿ ಒಂದು ಆಂಟೆನಾ ಕಟ್ಟಿತ್ತು. ಹಳೇ ಗ್ರಾಮಫೋನಿನ ಕೊಂಬನ್ನು ಮನೆಯಷ್ಟು ದೊಡ್ಡದು ಮಾಡಿ ಮಲಗಿಸಿದರೆ ಹೇಗಿರುತ್ತೋ ಹಾಗೆ. ಬಾಯಿಯೇ 20 ಅಡಿ, ಉದ್ದ ಸುಮಾರು 50 ಅಡಿ. 1960ರಲ್ಲಿ ಅಮೆರಿಕ ಹಾರಿಬಿಟ್ಟ ‘ಎಕೋ’ ಎಂಬ ದೈತ್ಯ ಬಲೂನಿಗೆ ತಗುಲಿ ವಾಪಸ್ ಬರುವ ರೇಡಿಯೋ ಅಲೆಗಳನ್ನು ಹಿಡಿಯುವುದು ಅದರ ಕೆಲಸ. ಆ ಕೆಲಸ ಮುಗಿದ ಮೇಲೆ ಆಂಟೆನಾ ಇಬ್ಬರು ಯುವ ವಿಜ್ಞಾನಿಗಳ ಕೈಗೆ ಸಿಕ್ತು. ಒಬ್ಬರು ಆರ್ನೋ ಪೆಂಜಿಯಾಸ್, ಬಾಲ್ಯದಲ್ಲೇ ನಾಜಿ ಜರ್ಮನಿಯಿಂದ ಪಾರಾಗಿ ಬಂದವರು. ಇನ್ನೊಬ್ಬರು ಟೆಕ್ಸಾಸ್‌ನ ರಾಬರ್ಟ್ ವಿಲ್ಸನ್. ನಮ್ಮ ಕ್ಷೀರಪಥದಿಂದ ಬರುವ ರೇಡಿಯೋ ಅಲೆಗಳನ್ನು ಕರಾರುವಾಕ್ಕಾಗಿ ಅಳೆಯಬೇಕು ಅನ್ನೋದು ಇವರ ಆಸೆ.

ಇಲ್ಲೊಂದು ವಿಷಯ ಗೊತ್ತಿರಲಿ. ಸ್ವಲ್ಪವಾದರೂ ಬಿಸಿ ಇರುವ ಪ್ರತಿ ವಸ್ತುವೂ ರೇಡಿಯೋ ಸದ್ದು ಹೊರಡಿಸುತ್ತೆ. ನೆಲ, ಗಾಳಿ, ನಾವು, ನೀವು, ಅಷ್ಟೇ ಯಾಕೆ, ರಿಸೀವರಿನೊಳಗಿನ ತಂತಿ ಕೂಡ. ಅದಕ್ಕೇ ಎಂಜಿನಿಯರುಗಳು ಈ ಸದ್ದನ್ನು ಉಷ್ಣತೆಯ ಲೆಕ್ಕದಲ್ಲಿ, ಕೆಲ್ವಿನ್‌ನಲ್ಲಿ ಅಳೀತಾರೆ. ಸೊನ್ನೆ ಕೆಲ್ವಿನ್ ಅಂದ್ರೆ ಮೈನಸ್ 273 ಡಿಗ್ರಿ ಸೆಲ್ಸಿಯಸ್. ತಾನೇ ಗದ್ದಲ ಮಾಡ್ತಾ ಕೂತವನಿಗೆ ಬೇರೆಯವರ ಪಿಸುಮಾತು ಕೇಳಿಸುತ್ತಾ? ಇಲ್ಲ. ಆದ್ದರಿಂದ ರಿಸೀವರಿನ ಮೊದಲ ಆಂಪ್ಲಿಫೈಯರನ್ನು ದ್ರವ ಹೀಲಿಯಂನಲ್ಲಿ ತಣ್ಣಗೆ ಇಟ್ಟರು. ಪೆಂಜಿಯಾಸ್ ಇನ್ನೊಂದು ಉಪಕರಣ ತಯಾರಿಸಿದರು. ಅದೂ ಹೀಲಿಯಂನಲ್ಲಿ ತಣಿದದ್ದು, ಅದರ ಉಷ್ಣತೆ ಮೊದಲೇ ಗೊತ್ತಿರುವಂಥದ್ದು. ರಿಸೀವರನ್ನು ಒಮ್ಮೆ ಇದಕ್ಕೆ, ಒಮ್ಮೆ ಆಕಾಶಕ್ಕೆ ಜೋಡಿಸಿ ಹೋಲಿಸುವುದು. ತಕ್ಕಡಿಯ ಒಂದು ತಟ್ಟೆಯಲ್ಲಿ ತೂಕದ ಕಲ್ಲು ಇಟ್ಟ ಹಾಗೆ.

1964ರಲ್ಲಿ ಅಳತೆ ಶುರುವಾಯ್ತು. ನೆತ್ತಿಯ ಮೇಲಿನ ಆಕಾಶಕ್ಕೆ ತಿರುಗಿಸಿದಾಗ ಬಂದದ್ದು 6.7 ಕೆಲ್ವಿನ್. ಗಾಳಿಯ ಪಾಲು 2.3. ಆಂಟೆನಾ ಮತ್ತು ನೆಲದ ಪಾಲು ಸುಮಾರು ಒಂದು. ಉಳಿದ ಮೂರೂವರೆ ಕೆಲ್ವಿನ್ ಎಲ್ಲಿಂದ ಬಂತು? ಲೆಕ್ಕಕ್ಕೇ ಸಿಗ್ತಿಲ್ಲ!

ಅವರು ಏನು ಮಾಡಿದ್ರು ನೋಡಿ. ಪತ್ರಕರ್ತರನ್ನು ಕರೆಯಲಿಲ್ಲ. ಮೊದಲು ತಮ್ಮ ಮನೆಯನ್ನೇ ಗುಡಿಸಿದರು. ನ್ಯೂಯಾರ್ಕ್ ನಗರದ ಗಲಾಟೆಯಾ? ಕೊಂಬನ್ನು ಆ ಕಡೆ ತಿರುಗಿಸಿದರು, ಅಲ್ಲ. ಎರಡು ವರ್ಷದ ಹಿಂದೆ ಆಕಾಶದಲ್ಲಿ ನಡೆಸಿದ್ದ ಅಣುಬಾಂಬ್ ಪರೀಕ್ಷೆಯ ಪಳೆಯುಳಿಕೆಯಾ? ಹಾಗಿದ್ದರೆ ತಿಂಗಳು ಕಳೆದಂತೆ ಕಡಿಮೆಯಾಗಬೇಕು, ಆಗಲಿಲ್ಲ. ತಗಡಿನ ಜೋಡಣೆಗಳಲ್ಲಿ ಸೋರಿಕೆಯಾ? ರಿವೆಟ್‌ಗಳ ಮೇಲೆಲ್ಲ ಅಲ್ಯೂಮಿನಿಯಂ ಟೇಪ್ ಅಂಟಿಸಿದರು. ಊಹೂಂ, ವ್ಯತ್ಯಾಸ ಇಲ್ಲ.

ಕೊಂಬಿನೊಳಗೆ ಒಂದು ಜೋಡಿ ಪಾರಿವಾಳ ಸಂಸಾರ ಹೂಡಿದ್ದವು. ಒಳಗೆಲ್ಲ ಹಿಕ್ಕೆ. ಹಕ್ಕಿಗಳನ್ನು ಹಿಡಿದು, ಕಂಪನಿಯ ಟಪಾಲಿನಲ್ಲೇ ಬೇರೆ ಊರಿನ ಕಚೇರಿಗೆ ಕಳಿಸಿಕೊಟ್ಟರು. ಪಾರಿವಾಳ ಅಲ್ವಾ, ಹಾರಿಕೊಂಡು ವಾಪಸ್ ಬಂದೇ ಬಿಟ್ಟವು. ಕೊನೆಗೆ ಪಾಪ, ಗುಂಡಿಗೆ ಬಲಿಯಾದವು. ಹಿಕ್ಕೆ ತೊಳೆದಾಗ ಸದ್ದು ಒಂದಿಷ್ಟು ಇಳಿಯಿತು, ಅಷ್ಟೇ. ಹಗಲು, ರಾತ್ರಿ, ಬೇಸಿಗೆ, ಚಳಿಗಾಲ, ಯಾವ ದಿಕ್ಕಿಗೆ ತಿರುಗಿಸಿದರೂ ಅದೇ ಮೂರೂವರೆ.

ಸುಮಾರು ಒಂದು ವರ್ಷ ಹೀಗೇ ಕಳೆಯಿತು. ಒಬ್ಬ ಸ್ನೇಹಿತರ ಮೂಲಕ ಪೆಂಜಿಯಾಸ್ ಕಿವಿಗೆ ಒಂದು ವಿಷಯ ಬಿತ್ತು. ಹತ್ತಿರದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಡಿಕಿ ಅವರ ತಂಡ ಇಂಥದ್ದೇ ಸದ್ದಿಗಾಗಿ ಯಂತ್ರ ಕಟ್ಟುತ್ತಿದೆ ಅಂತ. ವಿಶ್ವ ಒಂದು ಕಾಲದಲ್ಲಿ ಕುದಿಯುವಷ್ಟು ಬಿಸಿಯಾಗಿದ್ದರೆ, ಅದರ ಕಾವು ಇವತ್ತಿಗೂ ಎಲ್ಲ ದಿಕ್ಕಿನಿಂದ ಸಮನಾಗಿ ಬರುತ್ತಿರಬೇಕು ಎಂಬುದು ಅವರ ವಾದ. ಪೆಂಜಿಯಾಸ್ ಡಿಕಿಗೆ ಫೋನ್ ಮಾಡಿದರು. ರಿಸೀವರನ್ನು ಹೀಗೆ ಬದಲಿಸಿ ಬದಲಿಸಿ ಹೋಲಿಸುವ ವಿಧಾನವನ್ನು 1946ರಲ್ಲಿ ತೋರಿಸಿಕೊಟ್ಟವರು ಇದೇ ಡಿಕಿ! ಅವರ ವಿಧಾನ ಬಳಸಿಯೇ ಬೇರೆಯವರು ಅವರಿಗಿಂತ ಮೊದಲು ಗುರಿ ಮುಟ್ಟಿದ್ದರು. 1978ರಲ್ಲಿ ಪೆಂಜಿಯಾಸ್, ವಿಲ್ಸನ್ ಅವರಿಗೆ ನೊಬೆಲ್ ಬಂತು. ಡಿಕಿಗೆ ಬರಲೇ ಇಲ್ಲ.

ಅಂದಹಾಗೆ, ಆ ಸದ್ದು ಕೊಂಬಿಗೆ ಹೊಸದೇನಲ್ಲ. 1961ರಲ್ಲಿ ಅದೇ ಆಂಟೆನಾದಲ್ಲಿ ಎಡ್ವರ್ಡ್ ಓಮ್ ಎಂಬ ಎಂಜಿನಿಯರ್ ಸುಮಾರು ಮೂರು ಕೆಲ್ವಿನ್ ಹೆಚ್ಚುವರಿ ಕಂಡಿದ್ದರು. ಅಳತೆಯ ತಪ್ಪಿನ ಮಿತಿಯೊಳಗೇ ಬರುತ್ತೆ ಅಂತ ಅದು ಅಲ್ಲಿಗೇ ನಿಂತಿತು. ಸದ್ದು ಅದೇ, ಕೊಂಬೂ ಅದೇ. ಬೆನ್ನು ಹತ್ತಿದವರು ಮಾತ್ರ ಬೇರೆ.

ಇದಕ್ಕೆ ಉಲ್ಟಾ ಕಥೆಯೂ ಇದೆ. ಆಸ್ಟ್ರೇಲಿಯಾದ ಪಾರ್ಕ್ಸ್ ರೇಡಿಯೋ ದೂರದರ್ಶಕದಲ್ಲಿ 1998ರಿಂದ ಆಗಾಗ ಒಂದು ವಿಚಿತ್ರ ಸಂಕೇತ ದಾಖಲಾಗ್ತಿತ್ತು. ದೂರದ ಬಾಹ್ಯಾಕಾಶದಿಂದ ಬಂದ ಹಾಗೇ ಕಾಣುವ ಸಂಕೇತ. 2015ರಲ್ಲಿ ಗುಟ್ಟು ಬಯಲಾಯ್ತು. ಯಾರೋ ಹಸಿದವರು ಟೈಮರ್ ಮುಗಿಯುವ ಮೊದಲೇ ಮೈಕ್ರೋವೇವ್ ಓವನ್‌ನ ಬಾಗಿಲು ಎಳೆಯುತ್ತಿದ್ದರು! ಆದರೆ ಆ ತನಿಖೆಯಿಂದಲೇ ಇನ್ನೊಂದು ಲಾಭವೂ ಆಯ್ತು. ಅದೇ ದೂರದರ್ಶಕ ಹಿಡಿದಿದ್ದ, ನಿಜಕ್ಕೂ ದೂರದಿಂದ ಬಂದ ರೇಡಿಯೋ ಸ್ಫೋಟಗಳ ಮೇಲಿದ್ದ ಅನುಮಾನ ಕರಗಿತು. ಓವನ್ನಿನ ಸದ್ದು ಯಾವುದು ಅಂತ ಗೊತ್ತಾದ ಮೇಲೆ ತಾನೇ, ಆಕಾಶದ್ದು ಯಾವುದು ಅಂತ ಹೇಳೋಕೆ ಸಾಧ್ಯ?

ನಮ್ಮ ವೃತ್ತಿಯಲ್ಲಿ ಒಂದು ವರ್ಷ ಇರಲಿ, ಒಂದು ನಿಮಿಷ ಕಾಯುವ ತಾಳ್ಮೆಯೂ ಇಲ್ಲ. ಕಂಡ ತಕ್ಷಣ ಬ್ರೇಕಿಂಗ್. ನೀವೂ ಅಷ್ಟೇ, ಓದುವ ಮೊದಲೇ ಫಾರ್ವರ್ಡ್. ಹಾಗೆ ಹರಡಿದ ಒಂದು ಪುಕಾರಿಗೆ ಅಮಾಯಕರು ಪೆಟ್ಟು ತಿಂದದ್ದನ್ನು, ಜೀವ ಕಳೆದುಕೊಂಡದ್ದನ್ನು ಈ ದೇಶ ಕಂಡಿದೆ. ಹಾಗಂತ ಅನುಮಾನ ಬಂದದ್ದನ್ನೆಲ್ಲ ಕಸದ ಬುಟ್ಟಿಗೆ ಹಾಕಿದರೆ ನಿಜವೂ ಅದರ ಜೊತೆ ಹೋಗುತ್ತೆ. ಮೊದಲು ನಮ್ಮ ಕೊಂಬಿನೊಳಗಿನ ಹಿಕ್ಕೆ ತೊಳೆಯೋಣ. ತೊಳೆದ ಮೇಲೂ ಉಳಿಯುತ್ತಾ? ಆಗ ಅದನ್ನು ಬಿಡೋದು ಬೇಡ.

ಹಳೇ ಟಿವಿಯಲ್ಲಿ ಚಾನೆಲ್ ಸಿಗದಿದ್ದಾಗ ಪರದೆ ತುಂಬಾ ಚುಕ್ಕೆ ಕುಣೀತಿತ್ತು, ನೆನಪಿದೆಯಾ? ಅದರಲ್ಲಿ ನೂರಕ್ಕೆ ಸುಮಾರು ಒಂದು ಪಾಲು, ಸುಮಾರು 1380 ಕೋಟಿ ವರ್ಷ ಹಳೆಯ ಆ ಕಾವಿನದ್ದೇ. ನಮ್ಮೆಲ್ಲರ ಮನೆಗೂ ಬಂದಿತ್ತು ಆ ಸುದ್ದಿ. ನಾವು ಟಿವಿಯ ತಲೆಗೊಂದು ಏಟು ಹಾಕಿ ಸುಮ್ಮನಾದೆವು.