ಅಮೆರಿಕನ್ ಫುಟ್‌ಬಾಲ್ ಸಮವಸ್ತ್ರ: 1960ರಿಂದ ಈಚೆಗೆ

ಅಮೆರಿಕದ ವೃತ್ತಿಪರ ಫುಟ್‌ಬಾಲ್ ಆಟಗಾರರು ಪಂದ್ಯದಲ್ಲಿ ತೊಡುವ ಹೆಲ್ಮೆಟ್, ಜೆರ್ಸಿ, ಪ್ಯಾಂಟು, ಕಾಲುಚೀಲ, ಬೂಟುಗಳನ್ನು ಒಟ್ಟಾಗಿ ಸಮವಸ್ತ್ರ ಎನ್ನುತ್ತಾರೆ. ಈ ಫುಟ್‌ಬಾಲ್ ನಮ್ಮ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ, ಓಡುವವನ ಮೈಮೇಲೆ ಬಿದ್ದು ಕೆಡವುವ ಆಟ. ಆದ್ದರಿಂದ ಉಡುಪಿನ ಮೊದಲ ಕೆಲಸ ಮೈ ಕಾಯುವುದು. 1960ರ ನಂತರ ಅದಕ್ಕೆ ಇನ್ನೆರಡು ಕೆಲಸ ಅಂಟಿಕೊಂಡವು: ಟಿವಿಯಲ್ಲಿ ಎದ್ದು ಕಾಣುವುದು ಮತ್ತು ಅಂಗಡಿಯಲ್ಲಿ ಬಿಕರಿಯಾಗುವುದು. ಅಂದಿನಿಂದ ಆದ ಬದಲಾವಣೆಗಳಲ್ಲಿ ಹೆಚ್ಚಿನವು ಈ ಮೂರರ ಜಗ್ಗಾಟದಲ್ಲಿ ಹುಟ್ಟಿದವು. ವಿನ್ಯಾಸಕಾರರ ಅಭಿರುಚಿಗೆ ದಕ್ಕಿದ್ದು ಸ್ವಲ್ಪವೇ.

ಎನ್‌ಎಫ್‌ಎಲ್ ಎಂಬ ಹಳೆಯ ಲೀಗಿಗೆ ಸೆಡ್ಡು ಹೊಡೆದು 1960ರಲ್ಲಿ ಅಮೆರಿಕನ್ ಫುಟ್‌ಬಾಲ್ ಲೀಗ್ ಶುರುವಾಯಿತು. ಅದರ ತಂಡಗಳಲ್ಲಿ ಕೆಲವಕ್ಕೆ ಕೈಯಲ್ಲಿ ಕಾಸಿರಲಿಲ್ಲ. ಡೆನ್ವರ್ ಬ್ರಾಂಕೋಸ್ ತಂಡವು ಕಾಪರ್ ಬೌಲ್ ಎಂಬ ಕಾಲೇಜು ಆಟಗಾರರ ಪಂದ್ಯದಲ್ಲಿ ಬಳಸಿ ಬಿಟ್ಟಿದ್ದ ಉಡುಪನ್ನೇ ಅಗ್ಗಕ್ಕೆ ಕೊಂಡಿತು. ಕಂದು ಮತ್ತು ಸಾಸಿವೆ ಹಳದಿಯ ಆ ಉಡುಪಿನ ಜೊತೆ ಬಂದ ಕಾಲುಚೀಲಗಳಲ್ಲಿ ಪಟ್ಟೆಗಳು ಉದ್ದುದ್ದಕ್ಕೆ ಇಳಿದಿದ್ದವು. ನೋಡಿದವರೆಲ್ಲ ನಕ್ಕರು, ಆಟಗಾರರಿಗೋ ನಾಚಿಕೆ. ಎರಡು ವರ್ಷ ಹೇಗೋ ಸಹಿಸಿಕೊಂಡು, 1962ರಲ್ಲಿ ಕಿತ್ತಳೆ ಬಣ್ಣಕ್ಕೆ ಬದಲಾದಾಗ ತಂಡದವರು ಅಭಿಮಾನಿಗಳ ಎದುರೇ ಆ ಕಾಲುಚೀಲಗಳಿಗೆ ಬೆಂಕಿ ಹಚ್ಚಿದರು.

ಬಡ ಲೀಗಾದರೂ ಟಿವಿ ಏನು ಬೇಡುತ್ತದೆ ಎಂಬುದು ಅದಕ್ಕೆ ಬೇಗ ಅರ್ಥವಾಯಿತು. ಮನೆಯಲ್ಲಿ ಕೂತು ನೋಡುವವರಿಗೆ ಯಾರು ಯಾರೆಂದು ತಿಳಿಯಲಿ ಎಂದು ಮೊದಲ ವರ್ಷವೇ ಜೆರ್ಸಿಯ ಬೆನ್ನಿನ ಮೇಲೆ ಆಟಗಾರರ ಹೆಸರು ಹಾಕಿಸಿತು. ಎನ್‌ಎಫ್‌ಎಲ್ ಇದನ್ನು ಒಪ್ಪಿಕೊಂಡದ್ದು 1970ರಲ್ಲಿ ಎರಡೂ ಲೀಗುಗಳು ಒಂದಾದ ಮೇಲೆ. ತೋಳಿನ ಮೇಲೋ ಭುಜದ ಮೇಲೋ ಇರುವ ಚಿಕ್ಕ ಸಂಖ್ಯೆಯನ್ನು ಇಂದಿಗೂ ‘ಟಿವಿ ನಂಬರ್’ ಎಂದೇ ಕರೆಯುತ್ತಾರೆ.

ಹೆಲ್ಮೆಟ್ ಮೇಲೆ ಲಾಂಛನ ಬಂದದ್ದು ಇನ್ನೂ ಮೊದಲು. ಲಾಸ್ ಏಂಜಲಿಸ್ ರಾಮ್ಸ್ ತಂಡದ ಫ್ರೆಡ್ ಗೆರ್ಕಿ 1948ರಲ್ಲಿ ಸಹ ಆಟಗಾರರ ಹೆಲ್ಮೆಟ್‌ಗಳಿಗೆ ಟಗರಿನ ಕೊಂಬುಗಳನ್ನು ತಾನೇ ಕುಂಚ ಹಿಡಿದು ಬಳಿದಿದ್ದ. ಅರವತ್ತರ ದಶಕದಲ್ಲಿ ಉಳಿದ ತಂಡಗಳೂ ಆ ದಾರಿ ಹಿಡಿದವು. ಗ್ರೀನ್ ಬೇ ಪ್ಯಾಕರ್ಸ್ ತಂಡದ ‘ಜಿ’ ಅಕ್ಷರ 1961ರದು. ಮರುವರ್ಷ ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡ ಉಕ್ಕು ಉದ್ಯಮದ ಮುದ್ರೆಯನ್ನೇ ಎರವಲು ಪಡೆಯಿತು. ಹೇಗೆ ಕಾಣುತ್ತದೋ ನೋಡೋಣವೆಂದು ಬಲಗಡೆ ಮಾತ್ರ ಅಂಟಿಸಿದರು. ಆ ನೋಡೋಣ ಇನ್ನೂ ಮುಗಿದಿಲ್ಲ, ಎಡಗಡೆ ಈಗಲೂ ಖಾಲಿ. ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಹೆಲ್ಮೆಟ್‌ನಲ್ಲಂತೂ ಲಾಂಛನವೇ ಇಲ್ಲ. ಬರೀ ಕಿತ್ತಳೆ ಬಣ್ಣವೇ ಅದರ ಗುರುತು.

ತವರಿನ ತಂಡಕ್ಕೆ ಗಾಢ ಬಣ್ಣ, ಅತಿಥಿಗೆ ಬಿಳಿ ಎಂಬುದು ವಾಡಿಕೆ. ಡಲ್ಲಾಸ್ ಕೌಬಾಯ್ಸ್ ತಂಡದ ವ್ಯವಸ್ಥಾಪಕ ಟೆಕ್ಸ್ ಶ್ರಾಮ್ 1964ರಲ್ಲಿ ಇದನ್ನು ತಿರುವುಮುರುವು ಮಾಡಿದ. ಬರುವ ತಂಡಗಳ ಬಗೆಬಗೆಯ ಬಣ್ಣಗಳನ್ನು ತನ್ನ ಊರಿನ ಪ್ರೇಕ್ಷಕರು ನೋಡಲಿ ಎಂಬುದು ಅವನ ಲೆಕ್ಕ. ಡಲ್ಲಾಸ್‌ಗೆ ನೀಲಿ ಜೆರ್ಸಿ ಆಗಿಬರುವುದಿಲ್ಲ ಎಂಬ ನಂಬಿಕೆ ಆಮೇಲೆ ಬೆಳೆಯಿತು. ಅದನ್ನು ನಂಬಿದ ಎದುರಾಳಿಗಳು ತಮ್ಮ ತವರಿನಲ್ಲಿ ಬೇಕೆಂದೇ ಬಿಳಿ ತೊಟ್ಟು ಅವರಿಗೆ ನೀಲಿ ಹಾಕಿಸುವುದುಂಟು.

1973ರಲ್ಲಿ ಸಂಖ್ಯೆಗಳಿಗೂ ಕಟ್ಟಳೆ ಬಂತು. ಚೆಂಡೆಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ಗೆ 1ರಿಂದ 19ರೊಳಗಿನ ಸಂಖ್ಯೆ, ಓಟಗಾರರಿಗೆ 20ರಿಂದ 49, ಹೀಗೆ ಆಡುವ ಸ್ಥಾನಕ್ಕೆ ತಕ್ಕಂತೆ ಹಂಚಿದರು. ಓಕ್ಲೆಂಡ್ ರೇಡರ್ಸ್ ತಂಡದ ಜಿಮ್ ಆಟೊ ತೊಡುತ್ತಿದ್ದ 00 ಹೊಸಬರಿಗೆ ಸಿಗದಂತಾಯಿತು. 2021ರಲ್ಲಿ ಈ ಕಟ್ಟಳೆ ಬಹಳ ಸಡಿಲವಾಯಿತು. 2023ರಲ್ಲಿ ಒಂಟಿ ಸೊನ್ನೆಗೂ ಅನುಮತಿ ದೊರೆಯಿತು.

ಬಟ್ಟೆಯ ಕತೆ ಇದಕ್ಕಿಂತ ಸ್ವಾರಸ್ಯವಾದದ್ದು. ಅರವತ್ತರ ದಶಕದ ಜೆರ್ಸಿ ದಪ್ಪ, ಭಾರ. ತೋಳು ಮೊಣಕೈವರೆಗೋ ಅದಕ್ಕೂ ಕೆಳಗೋ ಇಳಿಯುತ್ತಿತ್ತು. ಎಪ್ಪತ್ತರ ದಶಕದಲ್ಲಿ ಗಾಳಿಯಾಡುವ ನೈಲಾನ್ ಜಾಲರಿ ಬಟ್ಟೆ ಬಂತು. ಜೊತೆಗೆ, ಎದುರಾಳಿ ಹಿಡಿದೆಳೆದರೆ ಹರಿದು ಅವನ ಕೈಗೇ ಬರುವಂಥ ಜೆರ್ಸಿಯೂ ಬಂತು. ಹೂಸ್ಟನ್ ಆಯಿಲರ್ಸ್ ತಂಡದ ಬಲಶಾಲಿ ಓಟಗಾರ ಅರ್ಲ್ ಕ್ಯಾಂಬೆಲ್ ಚಿಂದಿ ತೊಟ್ಟು ಓಡುವ ದೃಶ್ಯ ನೋಡುವವರಿಗೆ ಹಬ್ಬ. ಲೀಗ್ ಮಾತ್ರ 1979ರಲ್ಲಿ ಅಂಥ ಜೆರ್ಸಿಯನ್ನು ನಿಷೇಧಿಸಿತು. ಆಮೇಲೆ ಹರಿಯುವ ಬಟ್ಟೆಯ ಬದಲು ಹಿಡಿತಕ್ಕೇ ಸಿಗದ ಬಟ್ಟೆ ಬೇಕಾಯಿತು. ಜೆರ್ಸಿ ಮೈಗೆ ಬಿಗಿಯಾಯಿತು, ಕೆಲವರು ಪ್ಯಾಡಿಗೆ ಅದನ್ನು ಟೇಪು ಹಾಕಿ ಅಂಟಿಸಿಕೊಂಡರು, ತೋಳು ಕುಗ್ಗುತ್ತ ಭುಜದ ಪ್ಯಾಡಿನ ಅಂಚಿಗೆ ಬಂದು ನಿಂತಿತು. ಇಂಡಿಯಾನಾಪೊಲಿಸ್ ಕೋಲ್ಟ್ಸ್ ಜೆರ್ಸಿಯ ಭುಜವನ್ನು ಹಿಂದೆ ಪೂರ್ತಿ ಸುತ್ತುತ್ತಿದ್ದ ಎರಡು ಬಿಳಿ ಪಟ್ಟೆಗಳು ಈಗ ಸುತ್ತಲು ಜಾಗವಿಲ್ಲದೆ ತುಂಡು ಕಮಾನುಗಳಾಗಿ ಉಳಿದಿವೆ.

ಒಂದೇ ಬೂದು ಬಣ್ಣದ್ದಾಗಿದ್ದ ಮುಖದ ಸರಳುಗಳಿಗೆ 1974ರಲ್ಲಿ ಸ್ಯಾನ್ ಡಿಯಾಗೊ ತಂಡ ಹಳದಿ ಬಳಿಸಿತು; ಒಂದು ದಶಕದೊಳಗೆ ಹೆಚ್ಚಿನ ತಂಡಗಳು ಬೂದು ಬಿಟ್ಟವು. 1981ರಲ್ಲಿ ಸಿನ್ಸಿನಾಟಿ ಬೆಂಗಾಲ್ಸ್ ಹೆಲ್ಮೆಟ್ ಮೇಲಿನ ಹೆಸರನ್ನು ಅಳಿಸಿ ಹುಲಿಪಟ್ಟೆ ಬರೆಸಿತು. ಅದೇ ಋತುವಿನಲ್ಲಿ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ತಲುಪಿದ್ದರಿಂದ ಆ ಪಟ್ಟೆ ಗಟ್ಟಿಯಾಯಿತು.

ಮೈಮೇಲಿನ ಪ್ರತಿ ಅಂಗುಲಕ್ಕೂ ಬೆಲೆ ಬಂದಾಗ ಜಗಳವೂ ಬಂತು. ಶಿಕಾಗೊ ಬೇರ್ಸ್ ತಂಡದ ಜಿಮ್ ಮೆಕ್‌ಮ್ಯಾನ್ ಅಡಿಡಾಸ್ ಹೆಸರಿದ್ದ ತಲೆಪಟ್ಟಿ ಕಟ್ಟಿದ್ದಕ್ಕೆ ಲೀಗಿನ ಆಯುಕ್ತ ಪೀಟ್ ರೊಜೆಲ್ 5,000 ಡಾಲರ್ ದಂಡ ಹಾಕಿದ. 1986ರ ಜನವರಿಯ ಮುಂದಿನ ಪಂದ್ಯಕ್ಕೆ ಮೆಕ್‌ಮ್ಯಾನ್ ಬಂದಾಗ ಅವನ ತಲೆಪಟ್ಟಿಯ ಮೇಲೆ ‘ರೊಜೆಲ್’ ಎಂದು ಬರೆದಿತ್ತು. 1995ರ ಜಗಳ ಇನ್ನೂ ದೊಡ್ಡದು. ಡಲ್ಲಾಸ್ ಮಾಲೀಕ ಜೆರ್ರಿ ಜೋನ್ಸ್ ನೈಕಿ ಕಂಪನಿಯೊಂದಿಗೆ ತನ್ನದೇ ಒಪ್ಪಂದ ಮಾಡಿಕೊಂಡಾಗ ಲೀಗ್ 30 ಕೋಟಿ ಡಾಲರ್ ದಾವೆ ಹೂಡಿತು, ಮರುವರ್ಷ ರಾಜಿಯಾಯಿತು. 2002ರಿಂದ ಎಲ್ಲ ತಂಡಗಳಿಗೂ ರೀಬಾಕ್, 2012ರಿಂದ ನೈಕಿ ಜೆರ್ಸಿ ಒದಗಿಸಿದವು.

ಹಳೆಯದನ್ನು ಮತ್ತೆ ಮಾರಬಹುದು ಎಂಬುದು ಮನದಟ್ಟಾದದ್ದು 1994ರಲ್ಲಿ. ಲೀಗಿನ 75ನೇ ಋತುವಿನ ನೆಪದಲ್ಲಿ ತಂಡಗಳು ಹಿಂದಿನ ಕಾಲದ ಉಡುಪು ತೊಟ್ಟವು. ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್ ಐವತ್ತರ ದಶಕದ ಮಾದರಿಯಲ್ಲೇ ಸೂಪರ್ ಬೌಲ್ ಗೆದ್ದಿತು. 1997ರಲ್ಲಿ ಗಾಳಿ ಮತ್ತೆ ಹೊಸತಿನ ಕಡೆ ತಿರುಗಿತು. ಡೆನ್ವರ್ ಕಡುನೀಲಿಗೆ ಬಂದು, ಪಕ್ಕೆಯುದ್ದಕ್ಕೂ ಬಾಗಿದ ಪಟ್ಟಿ ತೊಟ್ಟು, ಸತತ ಎರಡು ಸೂಪರ್ ಬೌಲ್ ಗೆದ್ದಿತು. ಆ ಗೆಲುವು ಬೇರೆ ತಂಡಗಳಿಗೂ ಬಾಗಿದ ಪಟ್ಟಿಯ ಹುಚ್ಚು ಹಿಡಿಸಿತು ಎನ್ನಬೇಕು. ಅವುಗಳಲ್ಲಿ ಹಲವು ಈಗ ನೋಡಿದರೆ ಆ ದಶಕದ ಓಟದ ಬೂಟಿನಂತೆ ಕಾಣುತ್ತವೆ.

ಕಣ್ಣಿಗಾಗಿಯೇ ಮಾಡಿದ್ದು ಕಣ್ಣಿಗೇ ಕೈಕೊಟ್ಟದ್ದೂ ಇದೆ. 2015ರ ನವೆಂಬರ್ 12ರ ರಾತ್ರಿ ಕತ್ತಿನಿಂದ ಕಾಲಿನವರೆಗೆ ಒಂದೇ ಬಣ್ಣ ಎಂಬ ಪ್ರಯೋಗದಲ್ಲಿ ಬಫಲೊ ಪೂರ್ತಿ ಕೆಂಪು, ನ್ಯೂಯಾರ್ಕ್ ಜೆಟ್ಸ್ ಪೂರ್ತಿ ಹಸಿರು ತೊಟ್ಟು ಇಳಿದವು. ಕೆಂಪು–ಹಸಿರು ಭೇದ ಕಾಣದ ವರ್ಣಾಂಧರಿಗೆ ಮೈದಾನದ ತುಂಬ ಒಂದೇ ತಂಡ. ದೂರುಗಳು ಹರಿದು ಬಂದವು.

ಮಿದುಳಿನ ಪೆಟ್ಟಿನ ಚರ್ಚೆ ಬಿಸಿಯಾದಾಗ, 2013ರಲ್ಲಿ, ಋತುವಿಡೀ ಒಂದೇ ಹೆಲ್ಮೆಟ್ ಬಳಸಬೇಕೆಂದು ಲೀಗ್ ಆದೇಶಿಸಿತು. ಬೇರೆ ಬಣ್ಣದ ಹೆಲ್ಮೆಟ್ ಬೇಡುತ್ತಿದ್ದ ಹಳೆಯ ಮಾದರಿಗಳು ಪೆಟ್ಟಿಗೆ ಸೇರಿದವು. 2022ರಲ್ಲಿ ಆ ನಿಯಮ ತೆಗೆದರು. ನ್ಯೂ ಇಂಗ್ಲೆಂಡ್ ತಂಡದ ಕೆಂಪು ಜೆರ್ಸಿ ಆ ವರ್ಷವೇ, ಟ್ಯಾಂಪಾ ಬೇ ತಂಡ 1997ರಲ್ಲಿ ಕೈಬಿಟ್ಟಿದ್ದ ತಿಳಿಗಿತ್ತಳೆ ಮರುವರ್ಷ ಹಿಂದಿರುಗಿದವು. 2024ರಿಂದ ಹೆಲ್ಮೆಟ್ ಮೇಲೆ ಗಾರ್ಡಿಯನ್ ಕ್ಯಾಪ್ ಎಂಬ ಮೆತ್ತನೆಯ ಹೊದಿಕೆಯನ್ನು ಪಂದ್ಯಗಳಲ್ಲೂ ತೊಡಬಹುದು. ಅಭ್ಯಾಸದ ವೇಳೆ ಹಲವು ಸ್ಥಾನದವರಿಗೆ ಅದು ಕಡ್ಡಾಯ. ಪಂದ್ಯದ ದಿನ ಆಟಗಾರನ ಇಚ್ಛೆಗೆ ಬಿಟ್ಟಿದ್ದಾರೆ, ಹಾಕಿಕೊಳ್ಳುವವರು ಬೆರಳೆಣಿಕೆಯಷ್ಟೇ.