ಗಡಿಗೆ ನೀರು ತಣ್ಣಗಾಗೋದು ಯಾಕೆ? ಶಾಲಾ ಪ್ರಾಜೆಕ್ಟ್‌ಗೆ ಖಾನಾಪುರದ ಮಣ್ಣಿನಲ್ಲೇ ಇದೆ ಒಂದು ಸರಳ ಪ್ರಯೋಗ

ಬೆಳಗಾವಿ: ವಿಜ್ಞಾನ ಪ್ರಾಜೆಕ್ಟ್ ಕೊಡೋ ದಿನ ಹತ್ತಿರ ಬಂತು ಅಂದ್ರೆ ಪಾಲಕರು ಸ್ಟೇಷನರಿ ಅಂಗಡಿಗೆ ಓಡ್ತಾರೆ. ಥರ್ಮೋಕೋಲ್, ಬಣ್ಣದ ಹಾಳೆ, ಇಲ್ಲವೇ ರೆಡಿಮೇಡ್ ಮಾಡೆಲ್ ಮನೆಗೆ ಬರುತ್ತೆ. ನೋಡಲು ಚೆಂದ, ಆದರೆ ಅದು ಪ್ರಯೋಗ ಅಲ್ಲ. ‘ನೀನು ಏನು ಅಳತೆ ಮಾಡಿದೆ?’ ಅಂತ ಶಿಕ್ಷಕರು ಕೇಳಿದರೆ ಮಗು ಸುಮ್ಮನೆ ನಿಲ್ಲಬೇಕಾಗುತ್ತೆ.

ಪ್ರಯೋಗಕ್ಕೆ ಬೇಕಾದದ್ದು ಮೂರೇ: ಒಂದು ಪ್ರಶ್ನೆ, ನಾವು ಬದಲಾಯಿಸುವ ಒಂದೇ ಒಂದು ಸಂಗತಿ, ಅಳೆದು ಬರೆದಿಟ್ಟ ಅಂಕಿ. ಇದಕ್ಕೆ ನಮ್ಮ ಭಾಗದಲ್ಲಿ ಮಣ್ಣಿನ ಗಡಿಗೆಗಿಂತ ಒಳ್ಳೆಯ ವಸ್ತು ಇಲ್ಲ. ಖಾನಾಪುರದ ಮಣ್ಣಿನ ಪಾತ್ರೆ, ಹಂಚು ಎಲ್ಲರಿಗೂ ಗೊತ್ತು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆ ಇರುವುದೂ ಅಲ್ಲೇ.

ಪ್ರಶ್ನೆ ಏನು?

‘ಗಡಿಗೆಯ ಹೊರಮೈಯಿಂದ ನೀರು ಆವಿಯಾಗುವುದರಿಂದಲೇ ಒಳಗಿನ ನೀರು ತಣ್ಣಗಾಗುತ್ತದೆಯೇ?’

ಹೆಚ್ಚಿನ ಮಕ್ಕಳು ಗಡಿಗೆಯನ್ನು ಸ್ಟೀಲ್ ಕೊಡದ ಜೊತೆ ಹೋಲಿಸ್ತಾರೆ. ಅಲ್ಲೇ ಎಡವಟ್ಟು. ಸ್ಟೀಲ್ ಮತ್ತು ಮಣ್ಣಿನ ನಡುವೆ ದಪ್ಪ ಬೇರೆ, ಆಕಾರ ಬೇರೆ, ಶಾಖ ಸಾಗುವ ರೀತಿಯೂ ಬೇರೆ. ಯಾವುದರಿಂದ ವ್ಯತ್ಯಾಸ ಬಂತು ಅಂತ ಹೇಳಲಾಗದು. ಅದಕ್ಕೇ ಒಬ್ಬರೇ ಕುಂಬಾರರಿಂದ ಒಂದೇ ಅಳತೆಯ ಎರಡು ಗಡಿಗೆ ತನ್ನಿ. ಒಂದರ ಹೊರಮೈಗೆ ಪೂರ್ತಿ ಆಯಿಲ್ ಪೇಂಟ್ ಬಳಿದು ಎರಡು ದಿನ ಒಣಗಿಸಿ. ಇನ್ನೊಂದು ಹಾಗೇ ಇರಲಿ. ಈಗ ಬದಲಾಗಿದ್ದು ಒಂದೇ: ಹೊರಮೈಯ ರಂಧ್ರ ಮುಚ್ಚಿದೆಯೋ, ತೆರೆದಿದೆಯೋ.

ಮಾಡುವುದು ಹೇಗೆ?

1. ಹಿಂದಿನ ರಾತ್ರಿ ಎರಡೂ ಗಡಿಗೆಗೆ ನೀರು ತುಂಬಿ ನೆನೆಯಲು ಬಿಡಿ. ಒಂದು ಬಕೆಟ್ ನೀರನ್ನೂ ಪಕ್ಕದಲ್ಲೇ ಇಡಿ.

2. ಬೆಳಿಗ್ಗೆ ಗಡಿಗೆಗಳನ್ನು ಖಾಲಿ ಮಾಡಿ, ಆ ಬಕೆಟ್‌ನಿಂದ ಎರಡಕ್ಕೂ ಅಳೆದು 1 ಲೀಟರ್ ಹಾಕಿ. ಒಂದೇ ತರಹದ ತಟ್ಟೆ ಮುಚ್ಚಿ. ಕೆಳಗೂ ಒಂದೊಂದು ತಟ್ಟೆ ಇಡಿ.

3. ತಟ್ಟೆಗಳ ಸಮೇತ ತೂಕ ಮಾಡಿ. ಸೋರಿ ತಟ್ಟೆಗೆ ಬಿದ್ದ ನೀರನ್ನು ಆವಿಯಾಯ್ತು ಅಂತ ಲೆಕ್ಕ ಹಿಡಿಯಬಾರದಲ್ಲ, ಅದಕ್ಕೆ.

4. ಎರಡನ್ನೂ ನೆರಳಿನಲ್ಲಿ, ಗಾಳಿ ಆಡುವ ಕಡೆ ಇಡಿ. ಹತ್ತು ನಿಮಿಷ ಬಿಟ್ಟು ಮೊದಲ ಉಷ್ಣಾಂಶ ಬರೆದುಕೊಳ್ಳಿ. ಮುಂದೆ ಗಂಟೆಗೊಮ್ಮೆ, ನಾಲ್ಕು ಗಂಟೆ. ಪ್ರತಿ ಸಲ ಕೋಣೆಯ ಉಷ್ಣಾಂಶವನ್ನೂ ಬರೆಯಿರಿ.

5. ಕೊನೆಗೆ ಮತ್ತೆ ತೂಕ.

6. ಇದನ್ನೇ ಮೂರು ದಿನ ಮಾಡಿ. ಎರಡನೇ ದಿನ ಗಡಿಗೆಗಳ ಜಾಗ ಅದಲು ಬದಲು ಮಾಡಿ. ಕಿಟಕಿ ಗಾಳಿಯಿಂದ ಬಂದ ವ್ಯತ್ಯಾಸ ಇದ್ದರೆ ಗೊತ್ತಾಗುತ್ತೆ.

ಜ್ವರ ನೋಡುವ ಥರ್ಮಾಮೀಟರ್ ಇಲ್ಲಿ ನಡೆಯಲ್ಲ, ಅದು ಮೈ ಬಿಸಿಯ ಆಸುಪಾಸು ಮಾತ್ರ ತೋರಿಸುತ್ತೆ. ಶಾಲೆಯ ಲ್ಯಾಬ್ ಥರ್ಮಾಮೀಟರ್ ಕೇಳಿ ತನ್ನಿ. ಪೇಂಟ್ ಬಳಿದ ಗಡಿಗೆಯ ನೀರನ್ನು ಯಾರೂ ಕುಡಿಯಬೇಡಿ.

ಲೆಕ್ಕ ಹೀಗೆ

1 ಗ್ರಾಂ ನೀರು ಆವಿಯಾಗಲು ಸುಮಾರು 2,400 ಜೂಲ್ ಶಾಖ ಬೇಕು. 1 ಲೀಟರ್ ನೀರು 1 ಡಿಗ್ರಿ ಸೆಲ್ಸಿಯಸ್ ತಣ್ಣಗಾಗಲು ಸುಮಾರು 4,200 ಜೂಲ್ ಕಳೆದುಕೊಳ್ಳಬೇಕು. ಅಂದರೆ 10 ಗ್ರಾಂ ನೀರು ಆವಿಯಾಗಿ, ಆ ಶಾಖವೆಲ್ಲ ಒಳಗಿನ ನೀರಿನಿಂದಲೇ ಹೋದರೆ, ನೀರು ಸುಮಾರು 5.7 ಡಿಗ್ರಿ ತಣ್ಣಗಾಗಬೇಕು.

ನಿಮ್ಮ ಥರ್ಮಾಮೀಟರ್ ಅಷ್ಟು ತೋರಿಸಲ್ಲ, ಕಡಿಮೆಯೇ ತೋರಿಸುತ್ತೆ. ಯಾಕಂದ್ರೆ ಗಡಿಗೆಯ ಮಣ್ಣೂ ತಣ್ಣಗಾಗಬೇಕು, ಹೊರಗಿನ ಗಾಳಿಯೂ ನೀರಿಗೆ ಶಾಖ ಕೊಡ್ತಾ ಇರುತ್ತೆ. ಈ ವ್ಯತ್ಯಾಸವನ್ನು ವಿವರಿಸಿದ ಮಗುವಿಗೆ ಪಾಠ ಅರ್ಥವಾಗಿದೆ ಅಂತಲೇ ಲೆಕ್ಕ.

ಮಳೆಗಾಲದಲ್ಲಿ ಮಾಡಿದರೆ?

ಖಾನಾಪುರದ ಜುಲೈ ಮಳೆಯಲ್ಲಿ ಎರಡೂ ಗಡಿಗೆ ಹೆಚ್ಚು ಕಡಿಮೆ ಒಂದೇ ಅಂಕಿ ತೋರಿಸಬಹುದು. ಗಾಳಿಯಲ್ಲಿ ತೇವ ತುಂಬಿದ್ದಾಗ ನೀರು ಬೇಗ ಆವಿಯಾಗಲ್ಲ. ಪ್ರಯೋಗ ಕೆಟ್ಟಿತು ಅಂತ ಅಂಕಿ ತಿದ್ದಬೇಡಿ, ಬಂದದ್ದನ್ನೇ ಬರೆಯಿರಿ. ಮಾರ್ಚ್-ಏಪ್ರಿಲ್‌ನಲ್ಲಿ ಇನ್ನೊಮ್ಮೆ ಮಾಡಿ ಪಕ್ಕದಲ್ಲಿ ಇಟ್ಟರೆ ಅದೇ ಎರಡನೇ ಪ್ರಯೋಗ ಆಗುತ್ತೆ.

ಅಂಗಡಿಕಾರರಿಗೂ ಒಂದು ಮಾತು. ಎಲ್ಲರ ಮನೆಯಲ್ಲೂ ತೂಕದ ಯಂತ್ರ ಇರಲ್ಲ. ಗಡಿಗೆ ಹಿಡ್ಕೊಂಡು ಹುಡುಗರು ನಿಮ್ಮ ಕಿರಾಣಿ ಅಂಗಡಿಗೆ ಬಂದರೆ ಎರಡು ಸಲ ತೂಕ ಮಾಡಿ ಕೊಡಿ. ತೂಕವನ್ನು ಮಾತ್ರ ಅವರ ಕೈಯಿಂದಲೇ ಬರೆಸಿ.